ಬಾಳಿಕೆಯೆಂಬ ಬೆಲೆ

ಕನ್ನಡದಲ್ಲಿ ‘ಬಾಳಿಕೆ’ ಎಂಬುದೊಂದು ಅರ್ಥಪೂರ್ಣವಾದ ಪದ. ಮನುಷ್ಯನು ನಡೆಸುವ ಜೀವನವನ್ನು ಬಾಳು ಎನ್ನುವ ಈ ನುಡಿಯು, ವಸ್ತುವೊಂದು ಬಹುಕಾಲ ಕೆಡದೆ ಉಪಯೋಗಕ್ಕೆ ಒದಗುವುದನ್ನೂ ಅದೇ ಮೂಲದಿಂದ ಬಾಳಿಕೆ ಎಂದು ಕರೆದಿದೆ. ‘ಈ ಪಾತ್ರೆ ಚೆನ್ನಾಗಿ ಬಾಳಿಕೆ ಬಂತು’ ಎಂದು ಮನೆಯ ಹಿರಿಯರು ಹೇಳುವಾಗ, ಆ ಪಾತ್ರೆಯೂ ಮನೆಮಂದಿಯೊಡನೆ ಬಾಳಿತೆಂಬ ಭಾವ ಆ ಮಾತಿನಲ್ಲಿ ಅಡಗಿರುತ್ತದೆ. ಅಂಗಡಿಯಲ್ಲಿ ಕೇಳಿ ತಿಳಿಯಬಹುದಾದದ್ದು ಬೆಲೆ ಮಾತ್ರ. ಬಾಳಿಕೆಯನ್ನು ತಿಳಿಯಬೇಕಾದರೆ ಹತ್ತಾರು ವರ್ಷ ಕಾಯಬೇಕು. ಆದಕಾರಣ ಅಗ್ಗ ಯಾವುದು, ದುಬಾರಿ ಯಾವುದು ಎಂಬ ಪ್ರಶ್ನೆಗೆ ಕೊಂಡ ದಿನವೇ ಉತ್ತರ ದೊರೆಯುವುದಿಲ್ಲ. ಈ ಸತ್ಯವನ್ನು ಕಷ್ಟದ ದಿನಗಳಲ್ಲಿ ಕಂಡುಕೊಂಡ ಊರುಗಳಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶವೂ ಅದರ ನೆರೆಯ ಬಂಗಾರಪೇಟೆಯೂ ಸೇರಿವೆ.

ಕೆ.ಜಿ.ಎಫ್. ಎಂದೊಡನೆ ಎಲ್ಲರ ನೆನಪಿಗೆ ಬರುವುದು ಚಿನ್ನ. ಆದರೆ ಆ ಊರಿನ ಇನ್ನೊಂದು ಸಂಪತ್ತು ಯಂತ್ರಗಳ ಪರಿಚಯ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿ ಗಣಿಗಾರಿಕೆಯನ್ನು ಕೈಗೊಂಡಿತು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲುಮಾರ್ಗ ಬಂದಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಈ ಗಣಿಗಳಿಗೆ ವಿದ್ಯುತ್ತನ್ನು ತಲುಪಿಸಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದಕ್ಕೆ ಮೂರು ವರ್ಷಗಳ ಅನಂತರ, 1905ರಲ್ಲಿ. ರಾಜಧಾನಿ ಮೈಸೂರಿಗೆ ಆ ಬೆಳಕು ದೊರೆತದ್ದು 1908ರಲ್ಲಿ. ಹೀಗೆ ನಾಡಿನ ದೊಡ್ಡ ನಗರಗಳಿಗಿಂತ ಮೊದಲೇ ಕಾವೇರಿಯ ವಿದ್ಯುತ್ತಿನಿಂದ ಯಂತ್ರ ನಡೆಸಿದ ಹಿರಿಮೆ ಈ ಗಣಿನಾಡಿನದು.

ಗಣಿಯ ಯಂತ್ರಗಳಿಗೆ ಒಂದು ಕಟ್ಟುನಿಟ್ಟಾದ ಶಿಸ್ತು ಇತ್ತು. ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳಕ್ಕೆ ಕಾರ್ಮಿಕರನ್ನು ಇಳಿಸಿ, ಮತ್ತೆ ಮೇಲಕ್ಕೆ ತರುವ ಪಂಜರವು ಉಕ್ಕಿನ ಹಗ್ಗವೊಂದಕ್ಕೆ ತೂಗುತ್ತಿತ್ತು. ಆ ಹಗ್ಗವನ್ನು ನಿತ್ಯವೂ ಪರೀಕ್ಷಿಸಬೇಕು, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು, ತುಂಡಾಗುವ ಮೊದಲೇ ಬದಲಾಯಿಸಬೇಕು. ಕೆಟ್ಟ ಮೇಲೆ ಸರಿಪಡಿಸೋಣ ಎಂಬ ಮಾತಿಗೆ ಅಲ್ಲಿ ಅವಕಾಶವೇ ಇರಲಿಲ್ಲ. ವರ್ಕ್‌ಶಾಪಿನ ಫಿಟ್ಟರು, ಎಲೆಕ್ಟ್ರಿಷಿಯನ್ನು, ಟರ್ನರು ಮುಂತಾದವರು ಈ ಶಿಸ್ತಿನಲ್ಲಿಯೇ ಬೆಳೆದವರು. 1964ರಲ್ಲಿ ಆರಂಭವಾದ ಬಿ.ಇ.ಎಂ.ಎಲ್. ಕಾರ್ಖಾನೆಯೂ ಈ ಕೈಚಳಕಕ್ಕೆ ಇನ್ನಷ್ಟು ನೆಲೆಯನ್ನು ಒದಗಿಸಿತು. ಗಣಿಯಲ್ಲಿ ಕಲಿತ ಎಚ್ಚರವು ಸಂಜೆ ಮನೆಗೆ ಬಂದಾಗ ಅಡುಗೆಮನೆಯ ಒಳಗೂ ಕಾಲಿಡುವುದು ಸಹಜವೇ ಆಗಿತ್ತು.

ಅಂಥ ಒಂದು ಮನೆಯ ಉದಾಹರಣೆಯನ್ನು ಇಲ್ಲಿ ಗಮನಿಸಬಹುದು. ಆ ಮನೆಯ ಯಜಮಾನರು ಚಾಂಪಿಯನ್ ರೀಫ್‌ನಲ್ಲಿ ಫಿಟ್ಟರ್ ಆಗಿದ್ದವರು. ಮಿತಭಾಷಿಗಳು. ಅವರು ಮನೆಗೆ ತಂದ ಪ್ರತಿಯೊಂದು ಉಪಕರಣಕ್ಕೂ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಎರಡೆರಡು ಪುಟಗಳನ್ನು ಮೀಸಲಿಟ್ಟಿದ್ದರು. ಕೊಂಡ ದಿನ, ಕೊಟ್ಟ ಹಣ, ಎಣ್ಣೆ ಹಾಕಿದ ದಿನ, ಬದಲಾಯಿಸಿದ ಬಿಡಿಭಾಗ, ಅದಕ್ಕೆ ತಗುಲಿದ ಖರ್ಚು ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ನೆರೆಹೊರೆಯವರು ಇದನ್ನು ಕಂಡು ನಗುತ್ತಿದ್ದುದುಂಟು. ಒಂದು ಕುಕ್ಕರಿಗೂ ಜಾತಕ ಬರೆಯುವವರುಂಟೇ ಎಂಬುದು ಅವರ ಹಾಸ್ಯ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ತನ್ನ ಗಣಿಗಳ ಕೆಲಸವನ್ನು ನಿಲ್ಲಿಸಿತು. ನೂರಿಪ್ಪತ್ತು ವರ್ಷಗಳ ಉದ್ಯಮವು ಮುಗಿದು, ಸಾವಿರಾರು ಮನೆಗಳಲ್ಲಿ ತಿಂಗಳ ಸಂಬಳವೆಂಬುದು ಇಲ್ಲವಾಯಿತು. ಈ ಕುಟುಂಬವು ಬಂಗಾರಪೇಟೆಗೆ ಬಂದು ಬಾಡಿಗೆ ಮನೆಯೊಂದರಲ್ಲಿ ನೆಲೆಸಿತು. ಎಷ್ಟೋ ಜನರಂತೆ ಮಗನೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರತೊಡಗಿದನು. ಹೊಸ ವಸ್ತುವನ್ನು ಕೊಳ್ಳುವ ಶಕ್ತಿ ಮನೆಗೆ ಇರಲಿಲ್ಲ. ಇದ್ದ ವಸ್ತುವು ಕೈಕೊಟ್ಟರೆ ಅದರ ಬದಲಿಗೆ ಇನ್ನೊಂದಿಲ್ಲ ಎಂಬ ಸ್ಥಿತಿ. ಉಪಕರಣವೊಂದರ ನಿಜವಾದ ಪರೀಕ್ಷೆ ನಡೆಯುವುದು ಇಂಥ ಕಾಲದಲ್ಲಿಯೇ. ಕೈಯಲ್ಲಿ ಹಣವಿದ್ದಾಗ ಕೆಟ್ಟ ಮಿಕ್ಸಿಯು ಒಂದು ಕಿರಿಕಿರಿ. ಹಣವಿಲ್ಲದಾಗ ಅದು ಮಗನ ಬುತ್ತಿಯ ಪ್ರಶ್ನೆ.

ಮೊದಲು ಆ ಮನೆಯನ್ನು ಎತ್ತಿಹಿಡಿದದ್ದು ಹೊಲಿಗೆಯಂತ್ರ. ಮನೆಯ ತಾಯಿಗೆ ಮದುವೆಯಲ್ಲಿ ತವರಿನವರು ಕೊಟ್ಟ ಕಾಲಿನಿಂದ ತುಳಿಯುವ ಉಷಾ ಯಂತ್ರವದು. ಕಲ್ಕತ್ತೆಯ ಜೈ ಇಂಜಿನಿಯರಿಂಗ್ ವರ್ಕ್ಸ್ ಸಂಸ್ಥೆಯು 1930ರ ದಶಕದಿಂದ ತಯಾರಿಸಿಕೊಂಡು ಬಂದ ಈ ಯಂತ್ರಗಳು ನಾಡಿನ ಅಸಂಖ್ಯ ಮನೆಗಳನ್ನು ಸೇರಿದವು. ಎರಕದ ಕಬ್ಬಿಣದ ಮೈ, ತೆರೆದು ನೋಡಬಹುದಾದ ಅಂಗಾಂಗಗಳು, ತಿರುಪುಗಳಿಂದ ಬಿಗಿದ ಜೋಡಣೆ ಇದರ ಲಕ್ಷಣ. ವಿದ್ಯುತ್ತಿನ ಹಂಗಿಲ್ಲ. ವಾರಕ್ಕೊಮ್ಮೆ ಬಾಬಿನ್ ಬಳಿಯ ನೂಲಿನ ಧೂಳನ್ನು ತೆಗೆದು, ಗುರುತಿಸಿದ ರಂಧ್ರಗಳಿಗೆ ಒಂದೊಂದು ತೊಟ್ಟು ಮಿಷನ್ ಎಣ್ಣೆ ಬಿಟ್ಟರೆ ಸಾಕು. ಸವೆದ ಸೂಜಿ, ಹರಿದ ಚರ್ಮದ ಬೆಲ್ಟು, ಇವೆರಡೂ ಕಡಿಮೆ ಬೆಲೆಗೆ ಪೇಟೆಯಲ್ಲಿ ದೊರೆಯುತ್ತವೆ. ಗಣಿ ಮುಚ್ಚಿದ ವರ್ಷ ಆ ತಾಯಿಯು ನೆರೆಹೊರೆಯವರ ರವಿಕೆ, ಶಾಲಾಮಕ್ಕಳ ಸಮವಸ್ತ್ರಗಳನ್ನು ಹೊಲಿದು ಮನೆಯ ಬಾಡಿಗೆಯನ್ನು ಕಟ್ಟಿದರು. ಇಪ್ಪತ್ತು ವರ್ಷ ಮನೆಯ ಹರಿದ ಬಟ್ಟೆಗಷ್ಟೇ ಒದಗಿದ್ದ ಯಂತ್ರವು ಸಂಸಾರಕ್ಕೆ ಆಧಾರವಾಯಿತು. ಅದು ಸಿದ್ಧವಾಗಿ ನಿಂತಿದ್ದುದಕ್ಕೆ ಕಾರಣ, ಬಳಸದ ತಿಂಗಳುಗಳಲ್ಲಿಯೂ ಪುಸ್ತಕದಲ್ಲಿ ‘ಎಣ್ಣೆ ಹಾಕಿದೆ’ ಎಂಬ ಬರಹ ತಪ್ಪದೆ ಇದ್ದದ್ದು.

ಎರಡನೆಯದು ಕುಕ್ಕರ್. 1959ರ ಹೊತ್ತಿಗೆ ಹಾಕಿನ್ಸ್, ಪ್ರೆಸ್ಟೀಜ್ ಮುಂತಾದ ಕುಕ್ಕರುಗಳು ಭಾರತದಲ್ಲಿ ತಯಾರಾಗತೊಡಗಿ, ಕ್ರಮೇಣ ಎಲ್ಲ ಮನೆಗಳ ಒಲೆಯನ್ನು ಏರಿದವು. ಇದರ ತತ್ತ್ವ ಸರಳವಾದದ್ದು. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡ ಏರಿದಂತೆ ನೀರು ಕುದಿಯುವ ಉಷ್ಣತೆಯೂ 100 ಡಿಗ್ರಿಯಿಂದ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಹುರುಳಿ, ಅವರೆಕಾಳು, ತೊಗರಿಬೇಳೆಗಳು ಬೇಗ ಬೇಯುತ್ತವೆ, ಇಂಧನವೂ ಉಳಿಯುತ್ತದೆ. ನಸುಕಿನ ರೈಲಿಗೆ ಹೊರಡುವ ಮನೆಯಲ್ಲಿ ಈ ಉಳಿದ ಅರ್ಧ ಗಂಟೆಯೇ ನಿದ್ರೆ.

ಆ ಮನೆಯ ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ 1986ರಲ್ಲಿ ಬಂದದ್ದು. 2001ರವರೆಗಿನ ಪುಟದಲ್ಲಿ 11 ಗ್ಯಾಸ್ಕೆಟ್, 3 ಸೇಫ್ಟಿ ವಾಲ್ವ್, 2 ಹಿಡಿಗಳ ಲೆಕ್ಕವಿದೆ. ಹನ್ನೊಂದು ಸಲ ದುರಸ್ತಿಯಾದ ವಸ್ತುವು ಹೇಗೆ ಒಳ್ಳೆಯದು ಎಂದು ಯಾರಾದರೂ ಕೇಳಬಹುದು. ಆದರೆ ಗ್ಯಾಸ್ಕೆಟ್ ಎಂಬುದು ಸವೆಯುವುದಕ್ಕಾಗಿಯೇ ಇರುವ ಭಾಗ. ಹಬೆಯ ಕಾವಿಗೆ ರಬ್ಬರು ಗಡುಸಾಗುತ್ತದೆ, ಬಿರಿಯುತ್ತದೆ. ಅದನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸಿದರೆ ಕುಕ್ಕರಿನ ಮೈಗೆ ಹಾನಿಯಿಲ್ಲ. ಸೇಫ್ಟಿ ವಾಲ್ವ್ ಕೂಡ ಹಾಗೆಯೇ. ಹಬೆಯ ದಾರಿ ಕಟ್ಟಿಕೊಂಡು ಕಾವು ಮಿತಿಮೀರಿದಾಗ ಅದು ತಾನು ಕರಗಿ ಅಪಾಯವನ್ನು ತಪ್ಪಿಸುತ್ತದೆ. ಕೆಲವು ಮಾದರಿಗಳ ವಿನ್ಯಾಸವು ದಶಕಗಳ ಕಾಲ ಹೆಚ್ಚು ಬದಲಾಗದೆ ಇರುವುದರಿಂದ ಹಳೆಯ ಕುಕ್ಕರಿಗೂ ಹೊಸ ಗ್ಯಾಸ್ಕೆಟ್ ಸಿಗುತ್ತದೆ. ಬಿಡಿಭಾಗವು ಊರಿನ ಅಂಗಡಿಯಲ್ಲಿ ದೊರೆಯುವುದು ಬಾಳಿಕೆಯ ಅರ್ಧ ಗುಟ್ಟು.

ಆದರೂ ಆ ಕುಕ್ಕರ್ ಚಿರಂಜೀವಿಯಾಗಿ ಉಳಿಯಲಿಲ್ಲ. 2014ರಲ್ಲಿ ಅದರ ತಳವು ಉಬ್ಬಿತು, ಮುಚ್ಚಳವು ಸರಿಯಾಗಿ ಕೂರದಾಯಿತು. ಗ್ಯಾಸ್ಕೆಟ್ ಬದಲಾಯಿಸಿ ಮುಂದುವರಿಸೋಣವೆಂದು ತಾಯಿಯು ಹೇಳಿದರು. ಯಜಮಾನರು ಒಪ್ಪದೆ, ಅದನ್ನು ಹಳೆಯ ಪಾತ್ರೆ ಕೊಳ್ಳುವವನಿಗೆ ಕೊಟ್ಟು, ಪುಟದ ಕೊನೆಯಲ್ಲಿ ‘ಮುಗಿಯಿತು’ ಎಂದು ಬರೆದರು. ಇಪ್ಪತ್ತೆಂಟು ವರ್ಷ. ಒತ್ತಡದಲ್ಲಿ ಕೆಲಸ ಮಾಡುವ ಪಾತ್ರೆಯ ಮೈಯೇ ಸೋತಾಗ ಅದರ ಮೇಲಿನ ಅಭಿಮಾನವು ಅಪಾಯಕ್ಕೆ ದಾರಿ. ಗಣಿಯ ಹಗ್ಗದ ಶಿಸ್ತು ಹೇಳಿದ್ದೂ ಇದನ್ನೇ. ಬದಲಿಗೆ ತಂದ ಕುಕ್ಕರಿಗೆ ಐ.ಎಸ್.ಐ. ಗುರುತು ಇದೆಯೇ ಎಂದು ಅವರು ಮೊದಲು ನೋಡಿದರು. 2021ರ ಫೆಬ್ರವರಿಯಿಂದ ಭಾರತದಲ್ಲಿ ಮನೆಬಳಕೆಯ ಪ್ರೆಷರ್ ಕುಕ್ಕರುಗಳಿಗೆ ಆ ಗುರುತು ಕಡ್ಡಾಯವಾಗಿದೆ.

ಮಗನ ಮದುವೆಯಾಗಿ ಸೊಸೆ ಬಂದಾಗ ಮಿಕ್ಸಿಯ ವಿಷಯದಲ್ಲಿ ಒಂದು ಚರ್ಚೆ ಎದ್ದಿತು. ಚಟ್ನಿಗೂ ಸಾರಿನ ಪುಡಿಗೂ ನಿತ್ಯ ಬಳಸುತ್ತಿದ್ದ ಹಳೆಯ ಮಿಕ್ಸಿಯ ಜಾರ್ ಸೋರತೊಡಗಿತ್ತು. ‘ಅತ್ತೆ, ಇದಕ್ಕೆ ಇನ್ನೂ ಎಷ್ಟು ಸಲ ದುಡ್ಡು ಹಾಕೋದು? ಹೊಸದೇ ತಂದುಬಿಡೋಣ’ ಎಂದಳು ಸೊಸೆ. ಅವಳ ಮಾತಿನಲ್ಲಿ ದುಂದುಗಾರಿಕೆ ಇರಲಿಲ್ಲ. ಅವಳೂ ನಸುಕಿನಲ್ಲಿ ಎದ್ದು ದುಡಿಯುವವಳು, ಸೋರಿದ ಜಾರನ್ನು ಒರೆಸುವ ವೇಳೆ ಅವಳಿಗಿರಲಿಲ್ಲ. ‘ಪುಸ್ತಕ ತೆಗೆದು ನೋಡಮ್ಮ, ಆಮೇಲೆ ನೀನೇ ಹೇಳು’ ಎಂದು ಅತ್ತೆ ಉತ್ತರಿಸಿದರು.

ಆ ಪುಸ್ತಕ ಕಲಿಸುವ ಲೆಕ್ಕವನ್ನು ಹೀಗೆ ಹೇಳಬಹುದು. 2,400 ರೂಪಾಯಿಯ ಮಿಕ್ಸಿಯೊಂದು ಮೂರು ವರ್ಷಕ್ಕೆ ಕೆಟ್ಟು, ದುರಸ್ತಿಗೂ ಬಾರದೆ ಹೋದರೆ ವರ್ಷಕ್ಕೆ 800 ರೂಪಾಯಿ ಬಿದ್ದಂತಾಯಿತು. 6,000 ರೂಪಾಯಿಯ ಮಿಕ್ಸಿಯೊಂದು ಹದಿನೈದು ವರ್ಷ ನಡೆದು, ಅಷ್ಟರಲ್ಲಿ ದುರಸ್ತಿಗೆ 1,500 ರೂಪಾಯಿ ತೆಗೆದುಕೊಂಡರೂ ಒಟ್ಟು 7,500. ಅಂದರೆ ವರ್ಷಕ್ಕೆ 500 ರೂಪಾಯಿ. ಕೊಂಡ ದಿನ ದುಬಾರಿಯಾಗಿ ಕಂಡದ್ದು ಹದಿನೈದು ವರ್ಷಗಳ ಮೇಲೆ ಅಗ್ಗವಾಯಿತು. ಹಾಗೆಂದು ಬೆಲೆ ಹೆಚ್ಚಿದ್ದೆಲ್ಲವೂ ಬಾಳುತ್ತದೆಂದು ತಿಳಿಯಬಾರದು. ಬಣ್ಣದ ಮೈ, ಹತ್ತಾರು ಗುಂಡಿಗಳು, ಹೊಳೆಯುವ ದೀಪಗಳು ಬೆಲೆಯನ್ನು ಏರಿಸುತ್ತವೆಯೇ ಹೊರತು ಬಾಳಿಕೆಯನ್ನಲ್ಲ. ಮಿಕ್ಸಿಯಲ್ಲಿ ಮೊದಲು ಸವೆಯುವುದು ಜಾರಿನ ತಳದ ಬುಷ್ ಮತ್ತು ವಾಷರ್, ಮೋಟರಿಗೂ ಬ್ಲೇಡಿಗೂ ನಡುವಿನ ರಬ್ಬರಿನ ಕಪ್ಲರ್, ಮೋಟರಿನ ಕಾರ್ಬನ್ ಬ್ರಷ್. ಈ ನಾಲ್ಕೂ ಬದಲಾಯಿಸಬಹುದಾದ ಚಿಕ್ಕ ವಸ್ತುಗಳು. ಮೋಟರ್ ಸುಡುವುದು ಬಹುಮಟ್ಟಿಗೆ ಬಳಸುವವರ ಅವಸರದಿಂದ. ಜಾರನ್ನು ಕಂಠಪೂರ್ತಿ ತುಂಬಿ, ಬಿಡುವಿಲ್ಲದೆ ತಿರುಗಿಸಿದರೆ ಯಾವ ಮೋಟರೂ ತಾಳದು. ಸೊಸೆಯು ಪುಸ್ತಕವನ್ನು ಓದಿ, ಜಾರನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದು ಬುಷ್ ಹಾಕಿಸಿದಳು. ಸೋರುವುದು ನಿಂತಿತು.

ಇಡ್ಲಿ, ದೋಸೆಯ ಹಿಟ್ಟಿಗೆ ಆ ಮನೆಯಲ್ಲಿ ಕೊಯಮತ್ತೂರಿನ ಗ್ರೈಂಡರ್ ಇತ್ತು. ಆ ಊರಿನ ಗ್ರೈಂಡರಿಗೆ 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಒರಳುಕಲ್ಲಿನಲ್ಲಿ ಕಲ್ಲು ನಿಂತು ಗುಂಡು ತಿರುಗುತ್ತಿದ್ದರೆ, ಇದರಲ್ಲಿ ಪಾತ್ರೆ ತಿರುಗಿ ಗುಂಡು ನಿಲ್ಲುತ್ತದೆ. ವೇಗ ಕಡಿಮೆಯಾದ್ದರಿಂದ ಹಿಟ್ಟು ಕಾಯುವುದಿಲ್ಲ, ಯಂತ್ರವೂ ಬೇಗ ಸವೆಯುವುದಿಲ್ಲ. ಬೆಲ್ಟು ಸಡಿಲವಾದಾಗ ಬಿಗಿಮಾಡುವುದು, ಕಲ್ಲು ನುಣುಪಾದಾಗ ಉಳಿಯಿಂದ ಕಚ್ಚು ಹಾಕಿಸುವುದು, ಇಷ್ಟೇ ಅದು ಬೇಡುವ ಸೇವೆ.

ಕೋಲಾರದ ಸೀಮೆಯಲ್ಲಿ ಉಪಕರಣಗಳಿಗೆ ಇನ್ನೊಂದು ಕಷ್ಟವುಂಟು. ಅದು ನೀರು. ನದಿಯ ಆಸರೆಯಿಲ್ಲದ ಈ ಸೀಮೆಯು ಆಳದ ಕೊಳವೆಬಾವಿಗಳನ್ನು ನೆಚ್ಚಿಕೊಂಡದ್ದು. ಆ ಗಡಸುನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣದ ಅಂಶವು ಹೀಟರಿನ ಕಾಯಿಲ್ ಮೇಲೆ ಬಿಳಿಯ ಪೊರೆಯಾಗಿ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಕಾವು ನೀರಿಗೆ ತಲುಪುವುದು ತಡವಾಗಿ, ಕಾಯಿಲ್ ಒಳಗೇ ಕಾದು ಸುಡುತ್ತದೆ. ಬೇರೆ ಊರಿನಲ್ಲಿ ಹತ್ತು ವರ್ಷ ಬಾಳುವ ಹೀಟರ್ ಇಲ್ಲಿ ಅಷ್ಟು ಕಾಲ ನಿಲ್ಲದಿದ್ದರೆ ಅದು ತಯಾರಿಸಿದವರ ತಪ್ಪಲ್ಲ. ಪ್ಲಗ್ ತೆಗೆದು, ಕಾಯಿಲ್ ಪೂರ್ತಿ ತಣಿದ ಮೇಲೆ ನಿಂಬೆಹುಳಿ ಅಥವಾ ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಯಿಟ್ಟರೆ ಪೊರೆ ಬಿಡುತ್ತದೆ. ಗೀಸರುಗಳ ಒಳಗೆ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ತುಕ್ಕಿನ ಹಾನಿಯನ್ನು ತಾನು ಹೊತ್ತು, ಸ್ವಲ್ಪಸ್ವಲ್ಪವಾಗಿ ಕರಗಿ, ಅದು ಟ್ಯಾಂಕನ್ನು ಉಳಿಸುತ್ತದೆ. ಗಡಸುನೀರಿನ ಊರಿನಲ್ಲಿ ಅದನ್ನು ಆಗಾಗ ತೆಗೆಸಿ ನೋಡದಿದ್ದರೆ ಟ್ಯಾಂಕೇ ತೂತಾಗುತ್ತದೆ. ಬಾಳಿಕೆಯು ವಸ್ತುವಿನಲ್ಲಿ ಮಾತ್ರವಿಲ್ಲ, ಊರನ್ನು ಅರಿತು ಬಳಸುವ ವಿವೇಕದಲ್ಲಿಯೂ ಇದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹಳೆಯದೆಲ್ಲವೂ ಶ್ರೇಷ್ಠ ಎಂಬುದು ಭ್ರಮೆ. ಅದೇ ಮನೆಯ ಹಳೆಯ ಫ್ರಿಜ್ಜು ಓಡುತ್ತಲೇ ಇತ್ತು. ಆದರೆ ಬಾಗಿಲಿನ ರಬ್ಬರು ಗಡುಸಾಗಿ ತಂಪು ಸೋರಿ, ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತಿತ್ತು. ಹೊಸದು ತರಬೇಕೆಂಬ ಸೊಸೆಯ ಮಾತು ಆ ವಿಷಯದಲ್ಲಿ ಸರಿಯಾಗಿತ್ತು, ಮನೆಯವರು ಒಪ್ಪಿದರು. ಫ್ಯಾನಿನ ಲೆಕ್ಕವೂ ಇಂಥದೇ. 75 ವ್ಯಾಟಿನ ಹಳೆಯ ಮಾದರಿಯ ಫ್ಯಾನು ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ 225 ಯೂನಿಟ್ ಬೇಕು. 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 90 ಯೂನಿಟ್ ಸಾಕು. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೆ ವರ್ಷಕ್ಕೆ 810 ರೂಪಾಯಿ ಉಳಿತಾಯ. ಆದರೆ ಹಳೆಯ ಫ್ಯಾನು ನಿಧಾನವಾದರೆ ಕಂಡೆನ್ಸರ್ ಬದಲಾಯಿಸಿದರೆ ಬಹುತೇಕ ಸರಿಹೋಗುತ್ತದೆ. ಹೊಸದರ ಸರ್ಕ್ಯೂಟ್ ಬೋರ್ಡು ಕೆಟ್ಟರೆ ಅದೇ ಕಂಪನಿಯ ಬೋರ್ಡೇ ಬೇಕಾಗುತ್ತದೆ. ದಿನವಿಡೀ ತಿರುಗುವ ಹಜಾರಕ್ಕೆ ಹೊಸದು, ಅತಿಥಿ ಬಂದಾಗಷ್ಟೇ ತಿರುಗುವ ಕೋಣೆಗೆ ಹಳೆಯದು ಎಂದು ಆ ಮನೆಯವರು ತೀರ್ಮಾನಿಸಿದರು. ಹೆಚ್ಚು ಕಾಲ ವಿದ್ಯುತ್ ಬಳಸುವ ವಸ್ತುವಿನಲ್ಲಿ ಬೆಲೆಗಿಂತ ಬಳಕೆಯ ಖರ್ಚು ದೊಡ್ಡದು. ಕುಕ್ಕರ್, ಗ್ರೈಂಡರ್, ಹೊಲಿಗೆಯಂತ್ರಗಳಲ್ಲಿ ಬಾಳಿಕೆಯೇ ದೊಡ್ಡದು. ಈ ಭೇದವನ್ನು ಅರಿಯುವುದೇ ಜಾಣತನ.

ಹಾಗಾದರೆ ಕೊಳ್ಳುವಾಗ ಏನನ್ನು ನೋಡಬೇಕು? ಮೈಯನ್ನು ತಿರುಪುಗಳಿಂದ ಬಿಗಿದಿದ್ದಾರೆಯೇ, ಅಥವಾ ಮತ್ತೆ ಬಿಚ್ಚಲಾಗದಂತೆ ಅಂಟಿಸಿದ್ದಾರೆಯೇ ಎಂಬುದನ್ನು ನೋಡಬೇಕು. ಸವೆಯುವ ಭಾಗಗಳು ಊರಿನಲ್ಲಿಯೇ ಸಿಗುತ್ತವೆಯೇ ಎಂದು ಮಾರುವವರನ್ನಲ್ಲ, ರಿಪೇರಿ ಮಾಡುವವರನ್ನು ಕೇಳಬೇಕು. ಅದೇ ಮಾದರಿಯನ್ನು ಹತ್ತು ವರ್ಷ ಬಳಸಿದ ನೆರೆಮನೆಯವರ ಅನುಭವವು ಜಾಹೀರಾತಿಗಿಂತ ಮೇಲು. ಕೊಂಡ ರಸೀದಿಯನ್ನು ಜೋಪಾನ ಮಾಡಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ‘ದುರಸ್ತಿಯ ಹಕ್ಕು’ ಎಂಬ ವಿಚಾರವನ್ನು ಕೈಗೆತ್ತಿಕೊಂಡು, ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿ ಗ್ರಾಹಕರಿಗೆ ದೊರೆಯುವಂತೆ ಪೋರ್ಟಲ್ ಒಂದನ್ನು ಆರಂಭಿಸಿದೆ. ಗಣಿಯ ಫಿಟ್ಟರ್ ತನ್ನ ಪುಸ್ತಕದಲ್ಲಿ ಪಾಲಿಸಿದ ನೀತಿಗೆ ಹೀಗೆ ಸರ್ಕಾರದ ಮಾತೂ ಜೊತೆಯಾಗಿದೆ.

ಈ ಎಲ್ಲದರ ಹಿಂದೆ ಕಾಯಕದ ವಿಚಾರವಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ, ಬಿದಿರು ಹೆಣೆಯುವ ಮೇದಾರ ಕೇತಯ್ಯನವರೂ ಇದ್ದರೆಂಬುದನ್ನು ಎಲ್ಲರೂ ಬಲ್ಲರು. ಹಗ್ಗ ಹೊಸೆದವರ ಪ್ರಾಮಾಣಿಕತೆಯು ತಿಳಿಯುವುದು ಸಂತೆಯಲ್ಲಲ್ಲ, ಬಾವಿಯ ಆಳದಿಂದ ಕೊಡವು ತುಂಬಿ ಮೇಲೆ ಬರುವಾಗ. ತಯಾರಿಸಿದವರ ಕಾಯಕ, ಎಣ್ಣೆ ಬಿಟ್ಟು ಒರೆಸಿಟ್ಟವರ ಕಾಯಕ, ಪೇಟೆಯ ಬೀದಿಯಲ್ಲಿ ಕುಳಿತು ಹತ್ತಿಪ್ಪತ್ತು ರೂಪಾಯಿಯ ಬುಷ್ ಬದಲಾಯಿಸಿ ಸಾವಿರಾರು ರೂಪಾಯಿಯ ಖರ್ಚನ್ನು ಉಳಿಸಿಕೊಡುವ ರಿಪೇರಿಯವರ ಕಾಯಕ, ಈ ಮೂರೂ ಕೂಡಿದಾಗ ವಸ್ತುವು ಬಾಳುತ್ತದೆ. ಇವುಗಳಲ್ಲಿ ಮೂರನೆಯವರನ್ನು ಸಮಾಜವು ಅಷ್ಟಾಗಿ ಗುರುತಿಸುವುದಿಲ್ಲ. ಅವರ ಅಂಗಡಿಗಳು ಒಂದೊಂದಾಗಿ ಮುಚ್ಚಿದರೆ, ಎಷ್ಟು ಒಳ್ಳೆಯ ಯಂತ್ರವನ್ನು ತಂದರೂ ಅದರ ಆಯುಷ್ಯವು ಮೊದಲ ಸವೆತದವರೆಗೆ ಮಾತ್ರ. ಆದುದರಿಂದ ಕೆಟ್ಟ ವಸ್ತುವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಅವರ ಬಳಿಗೆ ಒಯ್ಯುವುದು, ಅವರು ಕೇಳಿದ ನ್ಯಾಯವಾದ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡುವುದು ಪ್ರತಿಯೊಂದು ಮನೆಯ ಕರ್ತವ್ಯ.

ಬಂಗಾರಪೇಟೆಯ ಆ ಮನೆಯ ಯಜಮಾನರು ಈಗಿಲ್ಲ. ಪುಸ್ತಕವನ್ನು ಸೊಸೆಯು ಮುಂದುವರಿಸಿದ್ದಾಳೆ. ಅದರ ಹೊಸ ಪುಟಗಳಲ್ಲಿ ಫ್ರಿಜ್ಜು, ಫ್ಯಾನು, ಹೊಸ ಕುಕ್ಕರುಗಳ ಹೆಸರಿವೆ. ಹೊಲಿಗೆಯಂತ್ರದ ಪುಟ ಮಾತ್ರ ಹಳೆಯದೇ, ಜಾಗ ಸಾಲದೆ ಅಂಚಿನಲ್ಲಿ ಬರೆಯಲಾಗುತ್ತಿದೆ. ಬಂಧುಗಳು ತಮ್ಮ ಮನೆಗಳಲ್ಲಿಯೂ ಇಂಥದೊಂದು ಪುಸ್ತಕವನ್ನು ಇಂದೇ ಆರಂಭಿಸಬಹುದು. ಅದಕ್ಕೆ ಬೇಕಾದುದು ಮಕ್ಕಳು ಬಿಟ್ಟ ಹಳೆಯ ನೋಟುಪುಸ್ತಕವೊಂದು, ಮತ್ತು ತಿಂಗಳಿಗೆ ಹತ್ತು ನಿಮಿಷದ ವ್ಯವಧಾನ.